50 ಆದ ಮೇಲೆ ಭಾರ ಎತ್ತಬಾರದಾ?

50 ದಾಟಿದವರು ಭಾರ ಎತ್ತಿದರೆ ಮಂಡಿ ಸವೆಯುತ್ತದೆ, ವಾಕಿಂಗ್ ಒಂದೇ ಸಾಕು ಅನ್ನೋ ಮೆಸೇಜ್ ಲಾಲ್‌ಬಾಗ್‌ನ ವಾಕಿಂಗ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಕಳಿಸುವವರದ್ದು ಕಾಳಜಿಯೇ. ಆದರೆ ಮಾತು ಸರಿಯಲ್ಲ.

ವಯಸ್ಸಾದಂತೆ ಸ್ನಾಯು ಕರಗುತ್ತಾ ಹೋಗುತ್ತದೆ, 60ರ ನಂತರ ಇನ್ನೂ ಬೇಗ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಲೇಬೇಡಿ, ಆದರೆ ಅದರಿಂದ ತೋಳು, ಭುಜ, ಬೆನ್ನಿಗೆ ಜಾಸ್ತಿ ಕೆಲಸ ಸಿಗಲ್ಲ. ಕಾಲಿನಿಂದ ಭುಜದವರೆಗೆ ಇಡೀ ಮೈಗೆ ವಾರಕ್ಕೆ ಕನಿಷ್ಠ 2 ದಿನ ಭಾರ ಎತ್ತುವಂಥ, ಸ್ನಾಯು ಗಟ್ಟಿಮಾಡುವ ವ್ಯಾಯಾಮ ಕೊಟ್ಟರೆ 20 ಲೀಟರ್ ನೀರಿನ ಕ್ಯಾನ್ ಎತ್ತುವುದು, ಮೆಟ್ರೋ ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು ಎಲ್ಲ ಸಲೀಸಾಗುತ್ತದೆ, ಬೀಳುವ ಅಪಾಯವೂ ಇಳಿಯುತ್ತದೆ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ ಸಿಗುತ್ತದೆ. ಮಂಡಿ ಸವೆತ ಇರುವವರಿಗೂ ವೈದ್ಯರು ಇಂಥ ವ್ಯಾಯಾಮ ಹೇಳುತ್ತಾರೆ. ಜಿಮ್ಮೇ ಬೇಕಂತಿಲ್ಲ. ಕುರ್ಚಿಯಲ್ಲಿ ಕೂತು ಏಳುವುದು, ಗೋಡೆಗೆ ಕೈಕೊಟ್ಟು ಪುಷ್‌ಅಪ್, ಇಷ್ಟರಿಂದ ಶುರುಮಾಡಬಹುದು.

ಇಂಥ ಮೆಸೇಜ್ ನಿಜವೇ ಅಂತ ಪರೀಕ್ಷಿಸುವುದು ಕಷ್ಟವಲ್ಲ. ಯಾರು ಹೇಳಿದ್ದು, ಯಾವಾಗ, ಯಾವ ಅಧ್ಯಯನ? ಸುಮ್ನೆ ‘ತಜ್ಞರು’ ಅಂತಷ್ಟೇ ಇದ್ದರೆ ಫಾರ್ವರ್ಡ್ ಮಾಡುವ ಮುಂಚೆ ವಿಶ್ವ ಆರೋಗ್ಯ ಸಂಸ್ಥೆಯ (WHO) 2020ರ ದೈಹಿಕ ಚಟುವಟಿಕೆ ಮಾರ್ಗಸೂಚಿಯಲ್ಲಿ ಹಿರಿಯರ ಭಾಗ ಹುಡುಕಿ ಓದಿ, 65 ದಾಟಿದವರಿಗೂ ಅದೇ 2 ದಿನ ಹೇಳಿದೆ. ಬಿಪಿ, ಹೃದಯದ ತೊಂದರೆ ಇರುವವರು ಮಾತ್ರ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಹಗುರವಾಗಿ ಶುರುಮಾಡಿ.