ಬಿಚ್ಚಿಕೊಳ್ಳದ ಶಂಕು

ರಾತ್ರಿ ಒಂಬತ್ತಾದರೂ ಮೈಸೂರಿನ ಹೆಬ್ಬಾಳದ ಶೆಡ್ಡಿನಲ್ಲೇ ಕುಳಿತಿದ್ದೇನೆ. ಮಂಡ್ಯದ ಅಕ್ಕಿ ಗಿರಣಿಗೆ ಒಂದು ಹಾಪರ್, ಅಂದರೆ ಕಾಳು ಸುರಿಯುವ ಶಂಕುವಿನಾಕಾರದ ತಗಡಿನ ಆಲಿಕೆ: ಮೇಲ್ಬಾಯಿಯ ವ್ಯಾಸ 600 ಮಿ.ಮೀ., ಕೆಳಬಾಯಿಯದು 300, ಎತ್ತರ 400. ಇದನ್ನು ಬಿಚ್ಚಿ ಚಪ್ಪಟೆ ಹಾಳೆಯಾಗಿ ತೋರಿಸಲು ಕ್ಯಾಡ್ ಎಂಬ ಕಂಪ್ಯೂಟರ್ ನಕ್ಷೆಯ ತಂತ್ರಾಂಶಕ್ಕೆ ಏನು ಸಂಕಟ? ಬದಿಯಲ್ಲಿ ಮೇಲಿಂದ ಕೆಳಗೆ ಸೀಳು ಬಿಡದಿದ್ದರೆ ಬಿಚ್ಚುವುದೇ ಇಲ್ಲ, ತಪ್ಪೆಂದು ಕೆಂಪು ಗುರುತು ತೋರಿಸುತ್ತದೆ. ಒಂದು ಮಿಲಿಮೀಟರ್ ಸೀಳು ಬಿಟ್ಟೆ, ಬಿಚ್ಚಿತು. ಪಕ್ಕಕ್ಕೆ ಕೊಳವೆ ಕೂರಿಸಲು ಓರೆಯಾಗಿ ತೂತು ಕೊರೆದೆ, ಮತ್ತೆ ಅದೇ ಕೆಂಪು ಗುರುತು! ಕತ್ತರಿಸಿದ ಅಂಚು ಹಾಳೆಗೆ ಲಂಬವಾಗಿಲ್ಲದ್ದೇ ಕಾರಣ. ಅದನ್ನಾದರೂ ಬಾಯಿಬಿಟ್ಟು ಹೇಳುತ್ತದೆಯೇ? ನಾನೇ ಎರಡು ಗಂಟೆ ತಡಕಾಡಿ ಕಂಡುಕೊಳ್ಳಬೇಕು.

ನಮ್ಮ ಹಳೆಯ ಮೇಸ್ತ್ರಿ ದಾರ, ಸೀಮೆಸುಣ್ಣ ಹಿಡಿದು ಬಿಚ್ಚಿದ ಹಾಳೆಯ ಆಕಾರವನ್ನು ನೆಲದ ಮೇಲೇ ಎಳೆಯುತ್ತಿದ್ದರು. ಈ ಹಾಪರ್‌ಗಾದರೆ ಹೊರ ತ್ರಿಜ್ಯ 854, ಒಳ ತ್ರಿಜ್ಯ 427, ಕೋನ 126 ಡಿಗ್ರಿ. ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಎಂಟಕ್ಕೆ ಲೇಸರ್ ಯಂತ್ರದವರು ನಕ್ಷೆ ಕೇಳುತ್ತಾರೆ. ಏನನ್ನು ಕೊಡಲಿ?