ಕೋಲಾ ಸುರಿದರೆ ಬಂಪರ್ ಬೋಲ್ಟ್ ಬಿಚ್ಚಿಕೊಳ್ಳುತ್ತಾ? ಸ್ಪಷ್ಟನೆ

ಹಳೆಯ ಅಂಬಾಸಿಡರ್ ಇಟ್ಟುಕೊಂಡವರ ನಡುವೆ ಒಂದು ಮಾತು ಓಡಾಡುತ್ತಿದೆ. ತುಕ್ಕು ಹಿಡಿದ ಬಂಪರ್, ಅದರ ಓವರ್‌ರೈಡರ್ (ಬಂಪರ್ ಮೇಲೆ ನೆಟ್ಟಗೆ ನಿಲ್ಲಿಸಿದ ತುಂಡು) ಬಿಚ್ಚಬೇಕಾದರೆ ಬೋಲ್ಟ್ ಮೇಲೆ ಕೋಲಾ ಸುರಿಯಿರಿ, ಹತ್ತು ನಿಮಿಷಕ್ಕೆ ಸಡಿಲ ಆಗುತ್ತೆ ಅಂತ. ಇದು ಸರಿಯಲ್ಲ.

ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುವುದು ನಿಜ, ಆದರೆ ತೀರಾ ಕಡಿಮೆ. ಕ್ರೋಮ್ ಮೇಲಿನ ತೆಳು ತುಕ್ಕನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಉಜ್ಜುವಾಗ ಅದು ನೆರವಾಗುತ್ತದೆ. ಅದಕ್ಕೆ ಬರೀ ನೀರೂ ಆಗುತ್ತದೆ, ಅಲ್ವಾ? ವರ್ಷಗಟ್ಟಲೆ ಕೆಸರು ಕುಡಿದ ಬೋಲ್ಟ್‌ನ ತಿರುಪು ಸುರುಳಿಯೊಳಗೆ ಮಾತ್ರ ಕೋಲಾ ಇಳಿಯುವುದಿಲ್ಲ. ಸರಿಯಾಗಿ ತೊಳೆಯದಿದ್ದರೆ ತುಕ್ಕು ಇನ್ನೂ ಜಾಸ್ತಿ ಆಗುತ್ತದೆ.

ಮೊದಲು ವೈರ್ ಬ್ರಷ್‌ನಿಂದ ಹೊರಗೆ ಕಾಣುವ ತಿರುಪು ಸುರುಳಿಯನ್ನು ಚೆನ್ನಾಗಿ ಉಜ್ಜಿ. ಬಂಪರಿನ ಹಿಂಬದಿಯಿಂದ ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ) ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಆರು ಮೂಲೆಯ ಸಾಕೆಟ್ ಹಿಡಿದು ಮೊದಲು ಒಂದು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಿಂದೆ ಮುಂದೆ ಆಡಿಸುತ್ತಾ ಹೋದರೆ ತುಕ್ಕು ಒಡೆಯುತ್ತದೆ. ಹಳೆಯ ಗಾಡಿಗಳಲ್ಲಿ ಇಂಚಿನ ಅಳತೆಯ ಬೋಲ್ಟ್‌ಗಳಿರುತ್ತವೆ. ಹತ್ತಿರದ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ತಲೆ ಸವೆದು ಕೆಲಸ ಕೆಡುತ್ತದೆ.

ಬೋಲ್ಟ್ ಸಡಿಲಿಸಲು ಅಂತ ಹಿಂದಿನ ಬಂಪರ್‌ಗೆ ಬೆಂಕಿ ತೋರಿಸಲೇಬೇಡಿ, ಪೆಟ್ರೋಲ್ ಟ್ಯಾಂಕ್ ಅಲ್ಲೇ ಇದೆ. ಏನೂ ಆಗದಿದ್ದರೆ ನಟ್ ಅನ್ನು ಕತ್ತರಿಸಿ ಹೊಸದು ಹಾಕಿ. ಕೆಲವು ರೂಪಾಯಿಯ ನಟ್‌ಗಾಗಿ ಬಂಪರ್ ಬಗ್ಗಿಸಿಕೊಳ್ಳಬೇಡಿ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ.