ದರ್ಬಾರ್ ಹಾಲಿಗೆ ಸ್ಪಾಟ್‌ಲೈಟ್ ಬೇಕೆ?

ಪರ

ವಸಂತನಗರದ ಬೆಂಗಳೂರು ಅರಮನೆ 1878ರದ್ದು. ಹೊರಗೆ ಇಂಗ್ಲೆಂಡಿನ ಟ್ಯೂಡರ್ ಶೈಲಿಯ ಗೋಪುರ, ಮಹಡಿಯ ದರ್ಬಾರ್ ಹಾಲಿನಲ್ಲಿ ಗಾಥಿಕ್ ಶೈಲಿಯ ಬಣ್ಣದ ಗಾಜು, ಗೋಡೆಗಳಲ್ಲಿ ತೈಲಚಿತ್ರ. ಇಷ್ಟು ಬಗೆ ಒಂದೆಡೆ ಸೇರಿರುವಲ್ಲಿ ತೂಗುದೀಪವೊಂದನ್ನೇ ನಂಬಿದರೆ ಯಾವುದೂ ಸರಿಯಾಗಿ ಕಾಣದು. ಅದನ್ನೇ ಜೋರು ಮಾಡಿದರೆ ವಾರ್ನಿಷ್ ಮೇಲೆ ಚಿತ್ರದ ಬದಲು ಬಲ್ಬುಗಳ ಸಾಲು ಹೊಳೆಯುತ್ತದೆ.

ಸ್ಪಾಟ್ ಬೆಳಕು ಲಂಬರೇಖೆಯಿಂದ ಸುಮಾರು 30 ಡಿಗ್ರಿ ವಾಲಿ ಚಿತ್ರದ ನಡುವಿಗೆ ಬೀಳಬೇಕು. ಹೆಚ್ಚು ವಾಲಿದರೆ ಪ್ರತಿಫಲನ ಕಣ್ಣಿಗೆ ಹೊಡೆಯುತ್ತದೆ, ನೋಡುವವರ ನೆರಳೂ ಚಿತ್ರದ ಮೇಲೆ ಬೀಳುತ್ತದೆ. ಕಡಿಮೆ ವಾಲಿದರೆ ಕೆತ್ತನೆಯ ಫ್ರೇಮಿನ ನೆರಳು ಮೇಲಂಚನ್ನು ನುಂಗುತ್ತದೆ. ಬೆಳಕಿನ ಬಣ್ಣ 2700 ಕೆಲ್ವಿನ್, ಅಂದರೆ ಹಳದಿ ಛಾಯೆಯದು. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂದು 100ಕ್ಕೆ ಅಳೆಯುವ ಸಿಆರ್‌ಐ ಅಂಕ 90ರ ಮೇಲೆ. ಗಾಢ ಕೆಂಪಿಗೆಂದೇ ಇರುವ ಅಂಕ ಆರ್9 ಎಷ್ಟೆಂದು ಬೇರೆಯಾಗಿ ಕೇಳಿ. ಅದು ಕಡಿಮೆಯಿದ್ದರೆ ಚಿತ್ರದೊಳಗಿನ ಕೆಂಪು ಸೀರೆ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ತೈಲಚಿತ್ರಕ್ಕೆ 200 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಸಾಕು. ಬಟ್ಟೆ, ಜಲವರ್ಣ, ಹಳೇ ಫೋಟೊ ಇದ್ದಲ್ಲಿ 50 ದಾಟಬಾರದು.

ಆದರೆ ಮಧ್ಯಾಹ್ನದ ಬಿಸಿಲಿನಿಂದ ಒಳಬಂದವರಿಗೆ 50 ಲಕ್ಸ್ ಕತ್ತಲೆಯೇ. ಮೆಟ್ಟಿಲ ಹಾದಿಯಲ್ಲೇ ಬೆಳಕನ್ನು ಹಂತಹಂತವಾಗಿ ಇಳಿಸುತ್ತಾ ಬಂದರೆ ಕಣ್ಣು ಹೊಂದಿಕೊಳ್ಳುತ್ತದೆ.

ವಿರೋಧ

200 ಲಕ್ಸಿನ ಲೆಕ್ಕ ಸರಿ, ಕಿಟಕಿಯ ಲೆಕ್ಕ ಎಲ್ಲಿ? ಬೆಳಕಿನ ಹಾನಿ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ. ದಿನಕ್ಕೆ 8 ಗಂಟೆ 200 ಲಕ್ಸ್ ಎಂದರೆ 1,600 ಲಕ್ಸ್-ಗಂಟೆ. 40,000 ಲಕ್ಸಿನ ಬಿಸಿಲು ಒಂದು ಗಂಟೆ ಕ್ಯಾನ್ವಾಸ್ ಮೇಲೆ ಬಿದ್ದರೆ 25 ದಿನದ ಪಾಲು ಅಲ್ಲೇ ಮುಗಿಯಿತು. ಮೊದಲು ಪರದೆ ಹಾಕಿಸಿ. ಅತಿನೇರಳೆ ಕಿರಣ ತಡೆಯುವ ಯುವಿ ಫಿಲ್ಮನ್ನು ಬಣ್ಣದ ಗಾಜಿಗೇ ಅಂಟಿಸಬೇಡಿ, ಕೀಳುವಾಗ ಗಾಜಿನ ಮೇಲೆ ಬರೆದ ಬಣ್ಣವೂ ಎದ್ದು ಬಂದೀತು. ಒಳಗೆ ಬೇರೆ ಚೌಕಟ್ಟು ನಿಲ್ಲಿಸಿ ಅದಕ್ಕೆ ಅಂಟಿಸಿ.

ಸ್ಪಾಟ್‌ಲೈಟ್ ಸಿಕ್ಕಿಸುವ ಪಟ್ಟಿ, ಅಂದರೆ ಟ್ರ್ಯಾಕ್ ಕೂರಿಸಲು ಹಳೇ ಸುಣ್ಣದ ಗಾರೆಗೆ ಡ್ರಿಲ್ ಹೊಡೆದರೆ ಪುಡಿ ಉದುರಿ ತೂತು ಅಗಲವಾಗುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಅಷ್ಟಾದ ಮೇಲೂ ದರ್ಬಾರ್ ಹಾಲ್ ಒಡವೆ ಅಂಗಡಿಯಂತೆ ಕಾಣುತ್ತದೆ. ಅಲ್ಲಿ ನೋಡಬೇಕಾದ್ದು ಇಡೀ ಹಾಲ್, ನಾಲ್ಕು ಫ್ರೇಮಲ್ಲ.

ತೂಗುದೀಪವನ್ನೇ ಸರಿಮಾಡಿ. ಮಸುಕು ಗಾಜಿನ ಬಲ್ಬು ಹಾಕಿದರೆ ಹರಳು ಮಿನುಗುವುದೇ ಇಲ್ಲ. ಪಾರದರ್ಶಕ ಗಾಜಿನ, ಸಣ್ಣ ತಿರುಪಿನ ಇ14 ಹೋಲ್ಡರಿನ ಎಲ್‌ಇಡಿ ಫಿಲಮೆಂಟ್ ಬಲ್ಬು ಬೇಕು. 40 ವಾಟಿನ 12 ಬಲ್ಬು, ಅಂದರೆ 480 ವಾಟ್ ಇದ್ದಲ್ಲಿ 4 ವಾಟಿನವು ಬಂದರೆ ಒಟ್ಟು 48. ಬೆಳಕು ಏರಿಸಿ ಇಳಿಸುವ ಹಳೇ ಡಿಮ್ಮರಿಗೆ ಬೇಕಾದ ಕನಿಷ್ಠ ಲೋಡೇ ಸಿಗದೆ ದೀಪ ಪಟಪಟ ಮಿಡಿಯುತ್ತದೆ, ಮೊಬೈಲ್ ವಿಡಿಯೊದಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಎಲ್‌ಇಡಿಗೆಂದೇ ಮಾಡಿದ ಟ್ರೇಲಿಂಗ್ ಎಡ್ಜ್ (ವಿದ್ಯುತ್ ಅಲೆಯ ಕೊನೆಯ ಭಾಗ ಕತ್ತರಿಸುವ) ಡಿಮ್ಮರ್ ಹಾಕಿ. ಬದಲಿ ಬಲ್ಬುಗಳನ್ನೂ ಅದೇ ಬ್ಯಾಚಿನಲ್ಲಿ ಕೊಂಡಿಡಿ, ಆಮೇಲೆ ತಂದದ್ದು ಬಣ್ಣ ಹೊಂದುವುದಿಲ್ಲ.

ಸ್ಪಾಟ್ ಬೇಕೇ ಬೇಕೆಂದರೆ ಭಾರದ ಬುಡವಿರುವ ಕಂಬಕ್ಕೆ ಕಟ್ಟಿ ನೆಲದ ಮೇಲೆ ನಿಲ್ಲಿಸಿ. ಬೇಡವೆನಿಸಿದ ದಿನ ಎತ್ತಿಟ್ಟರಾಯಿತು, ಗೋಡೆಯಲ್ಲಿ ತೂತು ಉಳಿಯುವುದಿಲ್ಲ.